ದಾಖಲೆ ಅರ್ಜಿಗೂ ಕೋರ್ಟ್ ಡಿಸ್ಕವರಿಗೂ ಒಂದೇ ಸಾಫ್ಟ್‌ವೇರ್ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ವಾಷಿಂಗ್ಟನ್ ರಾಜ್ಯದ ಒಂದು ಕೌಂಟಿ ಕಚೇರಿಗೆ ಈಗಷ್ಟೇ ಸೇರಿದ್ದೀರಿ. ಜನ ದಾಖಲೆ ಕೇಳಿ ಹಾಕುವ ಅರ್ಜಿಗಳನ್ನೂ ಕೋರ್ಟ್ ಕೇಸುಗಳ ಡಿಸ್ಕವರಿಯನ್ನೂ (ವಿಚಾರಣೆಗೆ ಮುಂಚೆ ಎರಡೂ ಕಡೆಯವರು ಪರಸ್ಪರ ದಾಖಲೆ ಕೇಳಿ ಪಡೆಯುವುದು) ಒಂದೇ ಸಾಫ್ಟ್‌ವೇರಿನಲ್ಲಿ ನಡೆಸೋಣ ಅಂತ ಮೇಲಿನವರು ಹೇಳಿದ್ದಾರೆ. ಆರ್‌ಎಫ್‌ಪಿ, ಅಂದರೆ ಕಂಪನಿಗಳಿಂದ ಪ್ರಸ್ತಾವ ಕರೆಯುವ ಪತ್ರ, ಬರೆಯುವ ಕೆಲಸ ನಿಮ್ಮ ತಲೆಗೆ ಬಂದಿದೆ. ಒಂದೇ ಸಾಕಾ, ಎರಡು ಬೇಕಾ, ಕಂಪನಿಯವರನ್ನು ಏನು ಕೇಳಬೇಕು ಅಂತ ಕೇಳಿದ್ದೀರಿ.

ಇದೇ ರಾಜ್ಯದ ಬೇರೊಂದು ಸಂಸ್ಥೆಯಲ್ಲಿ ಇಂಥ ಖರೀದಿಗೆ ಎರಡು ಸಲ ಕೂತವನು ನಾನು. ಮೊದಲ ಸಲ ಚೆನ್ನಾಗಿ ಕೈ ಸುಟ್ಟುಕೊಂಡೆವು. ಹಾಗಾಗಿ ನೇರವಾಗಿ ಹೇಳುತ್ತೇನೆ: ಒಂದೇ ಸಾಕು. ಆದರೆ ಎರಡೂ ಕೆಲಸದ ಮೊದಲರ್ಧ ಮಾತ್ರ ಒಂದೇ, ಕೊನೆಯರ್ಧ ಬೇರೆ ಬೇರೆ. ಡೆಮೊದಲ್ಲಿ ಕಂಪನಿಗಳು ಮಿನುಗಿಸಿ ತೋರಿಸುವುದು ಮೊದಲರ್ಧವನ್ನು. ನೀವು ಅಂಕ ಕೊಡಬೇಕಾದದ್ದು ಕೊನೆಯರ್ಧಕ್ಕೆ.

ಮೊದಲರ್ಧ ಅಂದರೆ ಯಾರ ಮೇಲ್‌ಬಾಕ್ಸಿನಲ್ಲಿ ಏನಿದೆ ಅಂತ ಹುಡುಕುವುದು, ಎತ್ತಿಕೊಳ್ಳುವುದು, ಡೂಪ್ಲಿಕೇಟ್ ತೆಗೆಯುವುದು, ಒಂದೊಂದಾಗಿ ಓದಿ ವಿಂಗಡಿಸುವುದು. ಇದನ್ನು ಇವತ್ತು ಎಲ್ಲರೂ ಸುಮಾರಾಗಿ ಮಾಡುತ್ತಾರೆ. ಆಮೇಲೆ ದಾರಿ ಕವಲೊಡೆಯುತ್ತದೆ. ದಾಖಲೆ ಅರ್ಜಿಯಲ್ಲಿ ಕೇಳುವವನು ಯಾರು, ಯಾಕೆ ಬೇಕು ಅಂತ ನೀವು ಸಾಮಾನ್ಯವಾಗಿ ಕೇಳುವ ಹಾಗಿಲ್ಲ. 5 ಕೆಲಸದ ದಿನಗಳೊಳಗೆ ಏನಾದರೂ ಒಂದು ಉತ್ತರ ಹೋಗಲೇಬೇಕು: ದಾಖಲೆ ಕೊಡಿ, ಇಲ್ಲವೆ ಅರ್ಜಿ ಬಂದಿದೆ ಅಂತ ಒಪ್ಪಿಕೊಂಡು ಇಂತಿಷ್ಟು ದಿನ ಬೇಕು ಅಂತ ಅಂದಾಜು ಹೇಳಿ, ಅರ್ಜಿ ಸ್ಪಷ್ಟವಿಲ್ಲದಿದ್ದರೆ ವಿವರ ಕೇಳಿ, ಕೊಡಲಾಗದಿದ್ದರೆ ಕಾರಣ ಹೇಳಿ. ಮುಚ್ಚಿಟ್ಟ ಪ್ರತಿ ಸಾಲಿಗೂ ಯಾವ ಕಲಮಿನಡಿ ಮುಚ್ಚಿದ್ದೀರಿ, ಅದು ಇಲ್ಲಿ ಹೇಗೆ ಅನ್ವಯಿಸುತ್ತದೆ ಅಂತ ಬರೆಯಬೇಕು. ತಪ್ಪಿದರೆ ಕೋರ್ಟ್ ದಿನಕ್ಕೆ 100 ಡಾಲರ್ ತನಕ ದಂಡ ಹಾಕಬಹುದು, ಗೆದ್ದವನ ವಕೀಲರ ಖರ್ಚೂ ನಿಮ್ಮದೇ.

ಡಿಸ್ಕವರಿಯಲ್ಲಿ ಎದುರಾಳಿ ಯಾರು ಅಂತ ಗೊತ್ತಿರುತ್ತದೆ. ಅಲ್ಲಿ ಬೇಕಾದದ್ದು ಪುಟಪುಟಕ್ಕೂ ಬೇಟ್ಸ್ ನಂಬರು (ಸಾಲಾಗಿ ಹಾಕುವ ಗುರುತಿನ ಸಂಖ್ಯೆ), ಪ್ರಿವಿಲೆಜ್ ಲಾಗು (ವಕೀಲರ ಸಲಹೆಯಂಥ ಕಾರಣಕ್ಕೆ ತಡೆಹಿಡಿದ ದಾಖಲೆಗಳ ಪಟ್ಟಿ), ಎದುರು ವಕೀಲರ ಸಾಫ್ಟ್‌ವೇರಿಗೆ ನುಂಗಲು ಬರುವ ಲೋಡ್ ಫೈಲು. ಜೊತೆಗೆ, ಯಾವ ದಿನ ಯಾರಿಗೆ ದಾಖಲೆ ಅಳಿಸಬೇಡಿ ಅಂತ ಹೇಳಿದಿರಿ, ಅವರು ಓದಿದರಾ, ಇದರ ಲೆಕ್ಕ. ಈ ಲೀಗಲ್ ಹೋಲ್ಡ್ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫೆಡರಲ್ ಕೋರ್ಟುಗಳ ಸಿವಿಲ್ ಕೇಸಿನ ನಿಯಮಗಳು 2006ರಲ್ಲೇ ಇಮೇಲ್‌ಗಳಂಥ ಎಲೆಕ್ಟ್ರಾನಿಕ್ ಮಾಹಿತಿಯನ್ನು ಹೆಸರಿಟ್ಟು ಒಳಗೆ ತಂದವು. 2015ರಲ್ಲಿ ಅದನ್ನು ಕಳೆದುಕೊಂಡರೆ ಏನು ಶಿಕ್ಷೆ ಅನ್ನುವುದನ್ನೂ ತಿದ್ದಿ ಬರೆದರು.

ಹಾಗಿದ್ದರೆ ಎರಡು ಬೇರೆ ಸಾಫ್ಟ್‌ವೇರ್ ತಗೊಂಡರೆ ಆಗದಾ ಅಂತ ನೀವು ಕೇಳಬಹುದು. ನಾವು ಮೊದಲ ಸಲ ಹಾಗೇ ಮಾಡಿದ್ದೆವು. ಅರ್ಜಿ ವಿಭಾಗಕ್ಕೊಂದು, ಕಾನೂನು ವಿಭಾಗಕ್ಕೊಂದು. ಒಂದು ಜಾಗದ ವಿವಾದದಲ್ಲಿ ಏನಾಯಿತು ಅಂದರೆ, ಎದುರು ವಕೀಲರು ಡಿಸ್ಕವರಿಯಲ್ಲಿ ಕೇಳಿದ್ದನ್ನೇ ಅವರ ಕಚೇರಿಯ ಇನ್ನೊಬ್ಬರ ಹೆಸರಿನಲ್ಲಿ ದಾಖಲೆ ಅರ್ಜಿಯಾಗಿಯೂ ಹಾಕಿದರು. ಇದು ಇಲ್ಲಿ ಮಾಮೂಲು ತಂತ್ರ, ನಿಮಗೂ ಬರುತ್ತದೆ. ನಮ್ಮ ಕಾನೂನು ವಿಭಾಗ ಒಂದು ಇಮೇಲನ್ನು ವಕೀಲರ ಸಲಹೆ ಅಂತ ತಡೆಹಿಡಿಯಿತು. ಅದೇ ವಾರ ಅರ್ಜಿ ವಿಭಾಗ ಅದೇ ಇಮೇಲಿನ ಇನ್ನೊಂದು ಪ್ರತಿಯನ್ನು, ಯಾರದೋ ಫಾರ್ವರ್ಡಿನ ತಳದಲ್ಲಿ ಇದ್ದದ್ದನ್ನು, ಹಾಗೇ ಕೊಟ್ಟುಬಿಟ್ಟಿತು. ತಪ್ಪು ಯಾರದು ಅಂತ ಮೂರು ಮೀಟಿಂಗ್ ಆದವು. ಎರಡು ಸಾಫ್ಟ್‌ವೇರಿಗೂ ಪರಸ್ಪರ ಪರಿಚಯವೇ ಇರಲಿಲ್ಲ, ಅಷ್ಟೇ.

ತಮಾಷೆ ಅಂದರೆ ಈ ಎರಡನ್ನೂ ಕಾನೂನೇ ಗಂಟು ಹಾಕಿದೆ. ನಮ್ಮ ರಾಜ್ಯದ ದಾಖಲೆ ಕಾನೂನು ಹುಟ್ಟಿದ್ದು 1972ರಲ್ಲಿ ಮತದಾರರೇ ಪಾಸು ಮಾಡಿದ ಇನಿಶಿಯೇಟಿವ್ 276ರಿಂದ. ಅದರಲ್ಲಿ ಈಗ 42.56.290 ಅಂತ ಒಂದು ಕಲಮು ಇದೆ. ಸಂಸ್ಥೆಯೇ ಒಂದು ವ್ಯಾಜ್ಯದಲ್ಲಿ ಪಕ್ಷಗಾರನಾಗಿದ್ದು, ಅದಕ್ಕೆ ಸಂಬಂಧಿಸಿದ ದಾಖಲೆ ಡಿಸ್ಕವರಿ ನಿಯಮದಡಿ ಎದುರಾಳಿಗೆ ಸಿಗುವಂಥದ್ದಲ್ಲವಾದರೆ, ಅರ್ಜಿದಾರನಿಗೂ ಕೊಡಬೇಕಾಗಿಲ್ಲ. ಅಂದರೆ ಅರ್ಜಿ ವಿಭಾಗದ ಗುಮಾಸ್ತೆಗೆ, ಈ ಇಮೇಲ್ ಮೇಲೆ ಕಾನೂನು ವಿಭಾಗ ಏನು ಗುರುತು ಹಾಕಿದೆ ಅನ್ನುವುದು ಅಲ್ಲೇ ಪರದೆಯ ಮೇಲೆ ಕಾಣಬೇಕು. ಆರ್‌ಎಫ್‌ಪಿಯಲ್ಲಿ ನೀವು ಒಂದೇ ಒಂದು ಸಾಲು ದಪ್ಪಕ್ಷರದಲ್ಲಿ ಬರೆಯುವುದಾದರೆ ಇದನ್ನೇ ಬರೆಯಿರಿ: ಒಂದು ಕಡೆ ಹಾಕಿದ ಗುರುತು ಇನ್ನೊಂದು ಕಡೆ, ಆ ಇಮೇಲಿನ ಎಲ್ಲ ಪ್ರತಿಗಳ ಮೇಲೂ, ತಾನಾಗಿ ಕಾಣಬೇಕು. ಸಂಗ್ರಹ ಒಂದೇ ಇರಲಿ, ಹೊರಬಾಗಿಲು ಎರಡಿರಲಿ.

ಈಗ ಕೊಡಬಾರದ ಭಾಗಕ್ಕೆ ಕಪ್ಪು ಬಳಿಯುವ ಕೆಲಸ, ರಿಡ್ಯಾಕ್ಷನ್. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಮಾನ ಹೋಗುವುದು ಇಲ್ಲೇ. 2019ರ ಜನವರಿಯಲ್ಲಿ, ಒಮ್ಮೆ ಟ್ರಂಪ್ ಚುನಾವಣಾ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಪರ ವಕೀಲರು ಕೋರ್ಟಿಗೆ ಹಾಕಿದ ಪಿಡಿಎಫ್ ನೆನಪಿದೆಯಾ? ಕಪ್ಪು ಪಟ್ಟಿ ಮೇಲೆ ಇತ್ತು, ಅಕ್ಷರ ಕೆಳಗೆ ಹಾಗೇ ಇತ್ತು. ಪತ್ರಕರ್ತರು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರು, ಎಲ್ಲ ಹೊರಗೆ ಬಂತು. ನಮ್ಮದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ, ಪುಣ್ಯ. ಒಂದು ಎಕ್ಸೆಲ್ ಹಾಳೆ ಕೊಟ್ಟಿದ್ದೆವು, ನೌಕರರ ಓವರ್‌ಟೈಮ್ ಪಟ್ಟಿ. ಹುಟ್ಟಿದ ದಿನಾಂಕದ ಕಾಲಂ ಇದ್ದದ್ದನ್ನು ಒಬ್ಬರು ಅಳಿಸುವ ಬದಲು ಮರೆಮಾಡಿದ್ದರು. ಅರ್ಜಿದಾರರು ಫೋನ್ ಮಾಡಿ ಬಹಳ ಸಭ್ಯವಾಗಿ ಕೇಳಿದರು, "ಇ ಆದಮೇಲೆ ಜಿ ಬಂದಿದೆ, ಎಫ್ ಎಲ್ಲಿ ಹೋಯ್ತು ಅಂತ ನೋಡಿದೆ, ಇಲ್ಲೇ ಇದೆ, ಇದು ನನಗೆ ಬೇಕಿರಲಿಲ್ಲ." ಅವರು ಒಳ್ಳೆಯವರು. ಎಲ್ಲರೂ ಹಾಗಿರಲ್ಲ.

ಆದ್ದರಿಂದ ಕಂಪನಿಯವರನ್ನು "ರಿಡ್ಯಾಕ್ಷನ್ ಬರುತ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಮರೆಯಾದ ಕಾಲಂ ಇರುವ ಎಕ್ಸೆಲ್, ಕಾಮೆಂಟು ಉಳಿದಿರುವ ವರ್ಡ್ ಫೈಲು, ಓರೆಯಾಗಿ ಸ್ಕ್ಯಾನ್ ಆದ ಕೈಬರಹದ ಹಾಳೆ, ಅಟ್ಯಾಚ್‌ಮೆಂಟಿನೊಳಗೆ ಇನ್ನೊಂದು ಅಟ್ಯಾಚ್‌ಮೆಂಟ್ ಇರುವ ಇಮೇಲ್, ಇವನ್ನು ಕೈಗೆ ಕೊಟ್ಟು ನಿಮ್ಮ ಎದುರೇ ಬಳಿಸಿ. ಹೊರಬಂದ ಫೈಲನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆಯಿರಿ. ಕಾಪಿ ಮಾಡಿ ನೋಡಿ. ಹುಡುಕಿ ನೋಡಿ. ಅಷ್ಟು ಹೊತ್ತಿಗೆ ಮಾರಾಟದವರ ಮುಖವನ್ನೂ ಒಮ್ಮೆ ನೋಡಿ.

ಆದರೆ ಎಲ್ಲವನ್ನೂ ಚಪ್ಪಟೆ ಮಾಡಿ ಪಿಡಿಎಫ್ ಕೊಟ್ಟರಾಯ್ತು ಅನ್ನುವ ಹಾಗೂ ಇಲ್ಲ. ಶೋರ್‌ಲೈನ್ ನಗರದ ಕೇಸಿನಲ್ಲಿ 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಇಮೇಲಿನ ಮೆಟಾಡೇಟಾ (ಯಾರು, ಯಾರಿಗೆ, ಯಾವಾಗ ಕಳಿಸಿದರು ಅನ್ನುವಂಥ ಒಳಮಾಹಿತಿ) ಕೂಡ ಸಾರ್ವಜನಿಕ ದಾಖಲೆಯೇ ಅಂತ ಹೇಳಿತು. ಉಪಮೇಯರಿಗೆ ಬಂದ ಒಂದು ಇಮೇಲ್, ಅವರ ಮನೆಯ ಕಂಪ್ಯೂಟರಿನಲ್ಲಿ ಇದ್ದದ್ದು. 2015ರಲ್ಲಿ ಪಿಯರ್ಸ್ ಕೌಂಟಿಯ ಕೇಸಿನಲ್ಲಿ ನೌಕರನ ಸ್ವಂತ ಫೋನಿನ ಕೆಲಸದ ಮೆಸೇಜುಗಳೂ ಹಾಗೇ ಅಂತ ತೀರ್ಪು ಬಂತು. ಹಾಗಾಗಿ ಫೋನಿನ ಮೆಸೇಜು, ಚಾಟು ಹೇಗೆ ಒಳಗೆ ಬರುತ್ತವೆ ಅಂತ ಕೇಳಿ. ಸ್ಕ್ರೀನ್‌ಶಾಟ್ ಅಪ್‌ಲೋಡ್ ಮಾಡಿ ಅಂದರೆ ಅಲ್ಲೇ ಅಂಕ ಕಳೆಯಿರಿ. ಶೆರಿಫ್ ಕಚೇರಿಯ ವಿಡಿಯೊ ಇದ್ದರೆ ಅದರ ಕಥೆಯೇ ಬೇರೆ, ಅದನ್ನು ಈ ಖರೀದಿಗೆ ತುರುಕಬೇಡಿ.

ಸಣ್ಣದು ಅನ್ನಿಸುವ ಎರಡು ವಿಷಯ. ಅರ್ಜಿದಾರ ಕೋರ್ಟಿಗೆ ಹೋಗಲು ಇರುವ ಒಂದು ವರ್ಷದ ಗಡುವು ನೀವು ತಡೆಹಿಡಿದ ಕಾರಣ ಹೇಳಿದ ದಿನ, ಇಲ್ಲವೆ ದಾಖಲೆಯ ಕೊನೆಯ ಕಂತು ಕೊಟ್ಟ ದಿನದಿಂದ ಶುರು. ಆ ಪತ್ರ ಯಾವ ದಿನ ಹೋಯಿತು ಅನ್ನುವುದು ಯಾರೂ ತಿದ್ದಲಾಗದ ಹಾಗೆ ದಾಖಲಾಗಬೇಕು. ಇನ್ನೊಂದು, ಶುಲ್ಕ. ಇಲ್ಲಿನ ಕಾನೂನಿನ ದರ 4 ಎಲೆಕ್ಟ್ರಾನಿಕ್ ಫೈಲಿಗೆ 5 ಸೆಂಟ್, ಗಿಗಾಬೈಟಿಗೆ 10 ಸೆಂಟ್. ಬೇರೆ ರಾಜ್ಯಕ್ಕೆ ಅಂತ ಮಾಡಿದ ಸಾಫ್ಟ್‌ವೇರಿಗೆ ಈ ಲೆಕ್ಕ ಬರಲ್ಲ, ಕೈಯಲ್ಲೇ ಮಾಡಬೇಕಾಗುತ್ತದೆ. ಅರ್ಜಿದಾರ ಕೊಡುವುದು ಚಿಲ್ಲರೆ ದುಡ್ಡು, ಅದನ್ನು ಲೆಕ್ಕ ಹಾಕುವ ಗುಮಾಸ್ತೆಯ ಗಂಟೆಯ ಸಂಬಳ ಅದಕ್ಕಿಂತ ಎಷ್ಟೋ ಜಾಸ್ತಿ.

ಎಐ ಬಗ್ಗೆ ಕೇಳದೇ ಇದ್ದರೂ ಅವರೇ ಹೇಳುತ್ತಾರೆ. ಸುಮ್ನೆ ತಳ್ಳಿಹಾಕಬೇಡಿ. ಯಂತ್ರ ಕಲಿತು ವಿಂಗಡಿಸುವುದನ್ನು ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ 2012ರಲ್ಲೇ ಜಡ್ಜ್ ಆಂಡ್ರ್ಯೂ ಪೆಕ್ ಒಪ್ಪಿದ್ದಾರೆ. ಡಿಸ್ಕವರಿಗೆ ಅದು ಉಪಯೋಗ. ದಾಖಲೆ ಅರ್ಜಿಯಲ್ಲಿ ಮಾತ್ರ ನನಗೆ ಅನುಮಾನ ಇದೆ. ಅಲ್ಲಿ ಕೋರ್ಟ್ ನೋಡುವುದು ನಿಮ್ಮ ಹುಡುಕಾಟ ಸಾಕಷ್ಟು ಸರಿಯಾಗಿತ್ತಾ ಅಂತ. "ಯಂತ್ರ ಬಿಟ್ಟುಬಿಟ್ಟಿತು" ಅನ್ನುವುದು ಉತ್ತರ ಆಗಲ್ಲ. ಯಾವ ಪದ ಹಾಕಿ, ಯಾರ ಪೆಟ್ಟಿಗೆಯಲ್ಲಿ, ಯಾವ ದಿನ ಹುಡುಕಿದಿರಿ ಅಂತ ಸಾಫ್ಟ್‌ವೇರ್ ಬರೆದಿಡುತ್ತಾ ನೋಡಿ. ನನಗೆ ಎಐಗಿಂತ ಆ ಲಾಗು ಮುಖ್ಯ.

ಡೆಮೊ ವಿಷಯ. ನಮ್ಮ ಮೊದಲ ಕಂಪನಿ ತಾನೇ ತಂದ ಇನ್ನೂರು ಚೊಕ್ಕ ಇಮೇಲಿನ ಮೇಲೆ ಕುಣಿದು ತೋರಿಸಿತು. ಒಪ್ಪಂದ ಆದಮೇಲೆ ನಮ್ಮ ಯೋಜನಾ ವಿಭಾಗದ ಹಿರಿಯರೊಬ್ಬರ ಹದಿನೈದು ವರ್ಷದ ಮೇಲ್‌ಬಾಕ್ಸ್ ಹಾಕಿದೆವು. ಮೂರನೇ ದಿನ ನಿಂತಿತು. ಯಾವ ಫೈಲಿನಲ್ಲಿ ನಿಂತಿತು ಅಂತಲೂ ಹೇಳಲಿಲ್ಲ. ಎರಡನೇ ಸಲ ಆ ಮೇಲ್‌ಬಾಕ್ಸನ್ನೇ ಪರೀಕ್ಷೆಗೆ ಇಟ್ಟೆವು, ಗೋಪ್ಯತೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು. ಮೂವರಲ್ಲಿ ಇಬ್ಬರು ಅಲ್ಲೇ ಸೋತರು. ನಿಮ್ಮಲ್ಲೂ ಅಂಥ ಒಬ್ಬ ಪುಣ್ಯಾತ್ಮ ಇದ್ದೇ ಇರುತ್ತಾರೆ, ಅವರ ಮೇಲ್‌ಬಾಕ್ಸೇ ನಿಮ್ಮ ಒರೆಗಲ್ಲು. ಪರೀಕ್ಷೆಯಲ್ಲಿ ಮೌಸ್ ಹಿಡಿಯಬೇಕಾದವರು ದಿನಾ ಈ ಕೆಲಸ ಮಾಡುವ ಗುಮಾಸ್ತೆ, ಮಾರಾಟದವರಲ್ಲ, ನಿಮ್ಮ ಡೈರೆಕ್ಟರೂ ಅಲ್ಲ.

ದರ ಗಿಗಾಬೈಟಿನ ಲೆಕ್ಕದಲ್ಲಿದ್ದರೆ ಯಾವ ಹಂತದ ಗಿಗಾಬೈಟು ಅಂತ ಬರೆಸಿಕೊಳ್ಳಿ. ಜಿಪ್ ಬಿಚ್ಚಿದ ಮೇಲೆ, ಡೂಪ್ಲಿಕೇಟ್ ತೆಗೆಯುವ ಮುಂಚೆ ಅಳೆದರೆ ಬಿಲ್ಲು ಎಲ್ಲಿಗೋ ಹೋಗುತ್ತದೆ. ಹೊರಗೆ ಬರುವ ದಾರಿಯನ್ನೂ ಸಹಿಗೆ ಮುಂಚೆಯೇ ಪರೀಕ್ಷೆ ಮಾಡಿ. ಮೊದಲ ಕಂಪನಿ ಬಿಡುವಾಗ ನಮ್ಮದೇ ದಾಖಲೆಯನ್ನು ನಂಬರು ಹೆಸರಿನ ಪಿಡಿಎಫ್ ರಾಶಿಯಾಗಿ ವಾಪಸ್ ಕೊಟ್ಟರು. ಯಾರು ಕಳಿಸಿದ್ದು, ಯಾವ ದಿನ, ನಾವು ಏನು ಗುರುತು ಹಾಕಿದ್ದೆವು, ಒಂದೂ ಇಲ್ಲ. ಹೋಲ್ಡ್ ಇದ್ದ ಕೇಸುಗಳಿಗೆ ಮತ್ತೆ ಮೊದಲಿನಿಂದ ಎತ್ತಿಕೊಂಡೆವು.

ಕೊನೆಗೆ ಒಂದು ಉಪಾಯ. ಅಕ್ಕಪಕ್ಕದ ಕೌಂಟಿಗಳು, ನಗರಗಳು ಇದನ್ನೆಲ್ಲ ಆಗಲೇ ಕೊಂಡಿವೆ. ಅವರ ಒಪ್ಪಂದ, ದರ, ಯಾರಿಗೆ ಎಷ್ಟು ಅಂಕ ಕೊಟ್ಟರು ಅನ್ನುವ ಹಾಳೆ, ಎಲ್ಲ ಸಾರ್ವಜನಿಕ ದಾಖಲೆ. ಒಂದು ಅರ್ಜಿ ಹಾಕಿ. 5 ದಿನದಲ್ಲಿ ಉತ್ತರ ಬರಬೇಕು, ಅಲ್ವಾ? ಉತ್ತರ ಹೇಗೆ ಬಂತು, ಕಪ್ಪು ಪಟ್ಟಿ ಕೆಳಗೆ ಏನಾದರೂ ಉಳಿದಿದೆಯಾ ಅಂತ ನೋಡಿದರೆ ಅವರು ಕೊಂಡ ಸಾಫ್ಟ್‌ವೇರ್ ಹೇಗಿದೆ ಅಂತಲೂ ಗೊತ್ತಾಗುತ್ತದೆ.