ಕೌನ್ಸೆಲರಿಗೂ ಒಬ್ಬ ಕೌನ್ಸೆಲರ್ ಬೇಕಾ?

ಪ್ರಶ್ನೆ: ಅಕ್ಕಾ, ನಾನು ಡೊಂಬಿವಲಿಯವಳು. ಎಂಟು ತಿಂಗಳಿಂದ ಮಾಟುಂಗಾದಲ್ಲಿ ಒಬ್ಬ ಕನ್ನಡದ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇನೆ. ಮನಸ್ಸು ಎಷ್ಟೋ ಹಗುರಾಗಿದೆ. ಹೋದ ವಾರ ಅವರು ಮಾತಿನ ನಡುವೆ, ತಾವೂ ಒಬ್ಬ ಥೆರಪಿಸ್ಟ್ ಹತ್ತಿರ ಹೋಗುವುದಾಗಿಯೂ ಕೇಸುಗಳ ಬಗ್ಗೆ ಹಿರಿಯ ಕೌನ್ಸೆಲರೊಬ್ಬರಿಂದ ಸೂಪರ್‌ವಿಷನ್, ಅಂದರೆ ಸಲಹೆ-ಮಾರ್ಗದರ್ಶನ, ತೆಗೆದುಕೊಳ್ಳುವುದಾಗಿಯೂ ಹೇಳಿದರು. ಆವತ್ತಿನಿಂದ ಬಾಯಿ ಕಟ್ಟಿದ ಹಾಗಾಗಿದೆ. ಅವರಿಗೇ ತೊಂದರೆ ಇದ್ದರೆ ನನಗೇನು ದಾರಿ ತೋರಿಸುತ್ತಾರೆ? ನನ್ನ ಅತ್ತೆ ಮನೆಯ ವಿಷಯ ಬೇರೆಯವರ ಕಿವಿಗೆ ಬಿದ್ದಿದೆಯಾ? ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ತಂಗಿ. ಆದರೆ ನಿಮ್ಮ ಭಯಕ್ಕೆ ಕಾರಣ ಇದೆ. ಮುಂಬೈ ಎಷ್ಟೇ ದೊಡ್ಡದಿರಲಿ, ನಮ್ಮ ಕನ್ನಡದವರ ಮುಂಬೈ ಒಂದು ಓಣಿಯಷ್ಟೇ. ಮೈಸೂರು ಅಸೋಸಿಯೇಷನ್ನಿಗೆ ಒಂದು ನಾಟಕ ನೋಡಲು ಹೋದರೂ ಅತ್ತೆ ಕಡೆಯ ಪರಿಚಯದವರು ಯಾರಾದರೂ ಸಿಗುತ್ತಾರೆ, ಅಲ್ವಾ?

ಮೊದಲ ಅನುಮಾನಕ್ಕೆ ನನ್ನ ಗೆಳತಿಯ ಮಾತು ಹೇಳುತ್ತೇನೆ. ಅವಳೂ ಕೌನ್ಸೆಲರ್. ಅವಳ ಅಪ್ಪ ತೀರಿಕೊಂಡ ಕೆಲವು ತಿಂಗಳಿಗೆ, ಅಪ್ಪನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಅವಳ ಹತ್ತಿರ ಬರತೊಡಗಿದಳು. ಸೂಪರ್‌ವಿಷನ್ನಿನಲ್ಲಿ ಗೆಳತಿ ತನ್ನ ಟಿಪ್ಪಣಿ ಓದುತ್ತಿದ್ದಾಗ ಹಿರಿಯರು ತಡೆದು ಕೇಳಿದರಂತೆ: "ಆ ಹುಡುಗಿ ಆಸ್ಪತ್ರೆಯ ಕೊನೆಯ ರಾತ್ರಿಯ ಮಾತು ಮೂರು ಸಲ ತೆಗೆದಿದ್ದಾಳೆ. ಮೂರು ಸಲವೂ ನೀವು ಅವಳ ಕೆಲಸದ ವಿಷಯಕ್ಕೆ ಹೋಗಿದ್ದೀರಿ. ಯಾಕೆ?" ಗೆಳತಿಗೆ ಅದು ಗೊತ್ತೇ ಆಗಿರಲಿಲ್ಲ. ತನ್ನ ದುಃಖವನ್ನು ಅವಳು ತನ್ನ ಥೆರಪಿಸ್ಟ್ ಎದುರು ಅತ್ತು ಕಳೆದಳು. ಮುಂದಿನ ವಾರ ಆ ಹುಡುಗಿಯ ಮಾತನ್ನು ಪೂರ್ತಿ ಕೇಳಿದಳು.

ಇದು ಹೊಸದೂ ಅಲ್ಲ. ಮನೋವಿಶ್ಲೇಷಕರು ಸುಮಾರು ಐದು ವರ್ಷಕ್ಕೊಮ್ಮೆ ಮತ್ತೆ ತಾವೇ ವಿಶ್ಲೇಷಣೆಗೆ ಕೂರಬೇಕೆಂದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1937ರಲ್ಲೇ ಬರೆದಿದ್ದ. ಬ್ರಿಟನ್ನಿನ ಕೌನ್ಸೆಲರುಗಳ ಸಂಘ ಬಿಎಸಿಪಿ, ವೃತ್ತಿಯಲ್ಲಿರುವ ಸದಸ್ಯರಿಗೆ ಸೂಪರ್‌ವಿಷನ್ ಇರಲೇಬೇಕು ಎನ್ನುತ್ತದೆ. ಅನುಭವ ಜಾಸ್ತಿಯಾಯಿತೆಂದು ಅದು ತಪ್ಪುವುದಿಲ್ಲ. ನಿಮ್ಮ ಕೌನ್ಸೆಲರ್ ಇದಕ್ಕಾಗಿ ಸಮಯ, ದುಡ್ಡು ಎರಡೂ ತೆಗೆದಿಡುತ್ತಿದ್ದಾರೆ. ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಇನ್ನು ಗುಟ್ಟಿನ ಮಾತು. ಸೂಪರ್‌ವಿಷನ್ನಿನಲ್ಲಿ ಹೆಸರು, ಊರು, ಗುರುತು ಸಿಗುವ ವಿವರ ಬಿಟ್ಟು ಮಾತಾಡುವುದು ರೂಢಿ. ಕೇಳಿಸಿಕೊಂಡವರೂ ಗುಟ್ಟು ಕಾಪಾಡಬೇಕು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಚಿಕಿತ್ಸೆಯ ವಿಷಯ ಗುಟ್ಟಾಗಿರುವುದು ರೋಗಿಯ ಹಕ್ಕು ಎಂದಿದೆ. ಆದರೂ ನಮ್ಮಂಥ ಸಣ್ಣ ಸಮಾಜದಲ್ಲಿ ಹೆಸರು ಬಿಟ್ಟರಷ್ಟೇ ಸಾಲದು. "ಗಂಡನ ಮನೆಯವರು ಹೋಟೆಲಿನವರು, ಊರು ಕುಂದಾಪುರದ ಕಡೆ" ಎಂದರೆ ಸಾಕು, ಯಾರೆಂದು ಗೊತ್ತಾಗಬಹುದು.

ಆದ್ದರಿಂದ ಮುಂದಿನ ಸಲ ಕೂತ ಕೂಡಲೇ ಕೇಳಿ. ನನ್ನ ಬಗ್ಗೆ ಅಲ್ಲಿ ಏನೇನು ಹೇಳುತ್ತೀರಿ? ಆ ಹಿರಿಯರು ಕನ್ನಡದವರಾ? ನಮ್ಮ ಬಳಗದ ಪರಿಚಯ ಇದೆಯಾ? ಇದ್ದರೆ ನನ್ನ ವಿಷಯ ಅವರ ಬದಲು ಬೇರೆ ಹಿರಿಯರ ಹತ್ತಿರ ಚರ್ಚಿಸಬಹುದಾ? ಕೇಳುವುದಕ್ಕೆ ಸಂಕೋಚ ಬೇಡ, ಒಳ್ಳೆಯ ಕೌನ್ಸೆಲರ್ ಬೇಜಾರು ಮಾಡಿಕೊಳ್ಳುವುದಿಲ್ಲ. ಬಾಯಿ ಕಟ್ಟಿದ ಹಾಗಾಗಿದೆ ಎಂದು ನನಗೆ ಬರೆದಿರಲ್ಲ, ಅದನ್ನೂ ಅವರಿಗೆ ಹೇಳಿ. ಉತ್ತರ ತೇಲಿಸಿದರೆ, ಸಿಡುಕಿದರೆ, ನನಗೆ ಮತ್ತೆ ಬರೆಯಿರಿ.