ಹೋಗಿ ಬನ್ನಿ: ಅತ್ತೆಗೆ ಬೇಲೂರು, ಮನೆಯವರಿಗೆ ಮುಳ್ಳಯ್ಯನಗಿರಿ

ಪ್ರಶ್ನೆ: ಅಕ್ಕ, ನಾವು ದಾವಣಗೆರೆಯವರು. ದಸರಾ ರಜೆಗೆ ಮೂರು ದಿನ ಎಲ್ಲಾದರೂ ಹೋಗೋಣ ಅಂತ ಮನೆಯಲ್ಲಿ ಮಾತಾಯಿತು, ಜಗಳವೂ ಶುರುವಾಯಿತು. ನಮ್ಮ ಮನೆಯವರಿಗೆ ಚಿಕ್ಕಮಗಳೂರು ಬೇಕು, ಮುಳ್ಳಯ್ಯನಗಿರಿ ಹತ್ತಬೇಕು. ಅತ್ತೆಗೆ ಹಾಸನದ ಕಡೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡುವ ಆಸೆ. ಅವರಿಗೆ ಎಪ್ಪತ್ತು ವರ್ಷ, ಮಂಡಿನೋವು. ಚಳಿಗಾಲಕ್ಕೆ ಬೆಂಗಳೂರಿನ ಮಗಳ ಮನೆಗೆ ಹೋಗುತ್ತಾರೆ, ಅದಕ್ಕೆ ಮುಂಚೆಯೇ ಹೋಗಿಬರಬೇಕು. ಮಗ ಎಂಟನೇ ಕ್ಲಾಸು, ಗುಡಿ ಅಂದರೆ ಬೇಸರ. ಮಗಳಿಗೆ ಒಂಬತ್ತು, ತಿರುವಿನ ರಸ್ತೆ ಬಂದರೆ ವಾಂತಿ. ನಮ್ಮದೇ ಕಾರಿದೆ. ನನಗೆ ಎರಡೂ ಇಷ್ಟ. ಒಂದನ್ನು ನೀವೇ ಹೇಳಿಬಿಡಿ, ನಿಮ್ಮ ಹೆಸರು ಹೇಳಿ ನಾನು ತಪ್ಪಿಸಿಕೊಳ್ಳುತ್ತೇನೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಂಗಿ, ಈ ಪ್ರಶ್ನೆಗೆ ನಿಮಗೆ ನಾನೇ ಸಿಗಬೇಕಿತ್ತಾ? ನನ್ನ ತವರು ಮೂಡಿಗೆರೆ ಕಡೆ ಕಾಫಿ ತೋಟ. ಮದುವೆಯಾಗಿ ಹಾಸನಕ್ಕೆ ಬಂದು ಮೂವತ್ತೆರಡು ವರ್ಷವಾಯಿತು. ಚಿಕ್ಕಮಗಳೂರು ಚೆಂದ ಅಂದರೆ ಊಟದ ಹೊತ್ತಿಗೆ ನಮ್ಮ ಯಜಮಾನರು ಮಾತೇ ಆಡುವುದಿಲ್ಲ. ಹಾಸನ ಚೆಂದ ಅಂದರೆ ತೋಟದಿಂದ ತಮ್ಮ ಫೋನ್ ಮಾಡಿ, "ಏನಕ್ಕ, ತವರು ಮರೆತುಹೋಯ್ತಾ?" ಅಂತಾನೆ. ನೀವು ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತೀರಿ. ನಾನು ಯಾರ ಹೆಸರು ಹೇಳಲಿ?

ಇರಲಿ. ಬೇಲೂರು ಹಾಸನ ಜಿಲ್ಲೆಯ ಊರು, ನಿಜ. ಆದರೆ ಹಾಸನದಿಂದ ಅಲ್ಲಿಗೆ ಹತ್ತಿರ ಹತ್ತಿರ 40 ಕಿಲೋಮೀಟರ್, ಚಿಕ್ಕಮಗಳೂರಿಂದ ಬರೀ 25. ಬೇಲೂರಿಂದ ಹಳೇಬೀಡಿಗೆ 16. ಅಂದರೆ ಅತ್ತೆಯ ಬೇಲೂರು, ಮನೆಯವರ ಬೆಟ್ಟ ಎರಡೂ ಒಂದೇ ಮಗ್ಗುಲಿಗಿವೆ. ಈ ಎರಡಕ್ಕೆ ಜಗಳವೇ ಬೇಕಿಲ್ಲ. ತೊಡಕಿರುವುದು ಶ್ರವಣಬೆಳಗೊಳದ್ದು. ಅದು ಚನ್ನರಾಯಪಟ್ಟಣದ ಕಡೆ, ಹಾಸನದಿಂದ ಆಚೆಗೆ ಇನ್ನೂ 50 ಕಿಲೋಮೀಟರ್.

ದೂರ ಬಿಡಿ, ಕಾರಿದೆ. ಮೆಟ್ಟಿಲಿನ ಲೆಕ್ಕ ಹಾಕಿದ್ದೀರಾ? ಅಲ್ಲಿ ಗೊಮ್ಮಟ ನಿಂತಿರುವ ವಿಂಧ್ಯಗಿರಿಗೆ 600ಕ್ಕೂ ಜಾಸ್ತಿ ಮೆಟ್ಟಿಲು. ಬಂಡೆಯಲ್ಲೇ ಕಡಿದದ್ದು, ಚಪ್ಪಲಿ ಬುಡದಲ್ಲೇ ಬಿಡಬೇಕು. ಈ ಲೆಕ್ಕ ಹಾಕದೆ ನಾನೊಮ್ಮೆ ನಮ್ಮತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಏಪ್ರಿಲ್ ತಿಂಗಳು. ದಾರಿಯಲ್ಲಿ ತಿಂಡಿ, ಎಳನೀರು ಅಂತ ನಿಂತು ನಿಂತು ಬೆಟ್ಟದ ಬುಡ ಮುಟ್ಟುವಾಗ ಹನ್ನೊಂದೂವರೆ. ಬಂಡೆ ಕಾದ ಹೆಂಚಾಗಿತ್ತು. ಡೋಲಿಯವರು ಬಂದು ಕೇಳಿದರು. ಅತ್ತೆ ಒಪ್ಪಲಿಲ್ಲ. "ನಾಲ್ಕು ಜನ ನನ್ನ ಹೊರೋ ದಿನ ಬಂದೇ ಬರುತ್ತೆ, ಈಗಲೇ ಯಾಕೆ" ಅಂದರು. ಅರ್ಧ ದಾರಿಗೂ ಮುಂಚೆ ಒಂದು ಗೋಡೆಯ ನೆರಳು ಸಿಕ್ಕಿತು. ಅಲ್ಲಿ ಸೆರಗನ್ನು ಕಾಲಡಿ ಹಾಕಿಕೊಂಡು ಕೂತುಬಿಟ್ಟರು. "ನೀನು ನೋಡ್ಕೊಂಡು ಬಾ. ಸಾವಿರ ವರ್ಷದಿಂದ ನಿಂತಿದ್ದಾನಲ್ಲ, ಇನ್ನೊಂದು ಸಲ ನೋಡಿದರಾಯ್ತು."

ಆ ಇನ್ನೊಂದು ಸಲ ಬರಲೇ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ. ಈ ಸಲ ಬೆಳಗೊಳ ಬಿಡಿ, ಆದರೆ "ಮುಂದೆ ನೋಡೋಣ" ಅಂತ ಮಾತ್ರ ಅನ್ನಬೇಡಿ. ದಿನ ಗೊತ್ತುಮಾಡಿ. ಅತ್ತೆ ಹೇಗೂ ಬೆಂಗಳೂರಿಗೆ ಹೋಗುತ್ತಾರೆ. 2017ರಲ್ಲಿ ಬೆಂಗಳೂರು–ಹಾಸನ ಹೊಸ ರೈಲು ದಾರಿ ಪೂರ್ತಿಯಾಯಿತು, ಅದು ಶ್ರವಣಬೆಳಗೊಳದ ಮೇಲೇ ಹೋಗುತ್ತದೆ. ಡಿಸೆಂಬರ್ ಚಳಿಯಲ್ಲಿ ಮಗಳು ಕರೆದುಕೊಂಡು ಹೋಗಲಿ. ಹಿಂದಿನ ರಾತ್ರಿ ಬೆಳಗೊಳದಲ್ಲೇ ಉಳಿದು, ಬೆಳಗಿನ ತಂಪಲ್ಲೇ ಡೋಲಿಯಲ್ಲಿ ಕೂರಿಸಲಿ. ಮಹಾಮಸ್ತಕಾಭಿಷೇಕಕ್ಕೇ ಹೋಗೋಣ ಅಂತ ಯಾರಾದರೂ ರಾಗ ತೆಗೆದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು 12 ವರ್ಷಕ್ಕೊಮ್ಮೆ, ಕಳೆದದ್ದು 2018ರಲ್ಲಿ ಆಯಿತು. ಮಂಡಿ ಅಷ್ಟು ವರ್ಷ ಕಾಯುವುದಿಲ್ಲ.

ಇನ್ನು ನಿಮ್ಮ ಮೂರು ದಿನ. ಎರಡು ರಾತ್ರಿಯೂ ಚಿಕ್ಕಮಗಳೂರಿನ ಪಕ್ಕ ಒಂದೇ ಕಡೆ ಉಳಿಯಿರಿ. ದಿನಾ ಬ್ಯಾಗು ಬಿಚ್ಚಿ ಕಟ್ಟುವ ಕೆಲಸ ಕೊನೆಗೆ ನಿಮ್ಮ ತಲೆಗೇ ಬರುತ್ತದೆ, ಅಲ್ವಾ? ಹೋಂಸ್ಟೇ ಹಿಡಿಯುವಾಗ ಫೋಟೊ ನಂಬಬೇಡಿ. ನಾವೊಮ್ಮೆ ಕಣಿವೆಯ ಫೋಟೊ ನೋಡಿ ದುಡ್ಡು ಕಳಿಸಿದ್ದೆವು. ಹೋಗಿ ಕಿಟಕಿ ತೆಗೆದರೆ ಎದುರಿಗೆ ಜನರೇಟರ್ ಶೆಡ್ಡು! ಕೇಳಿದರೆ, "ಕಣಿವೆ ಅದರ ಹಿಂದೇನೇ ಇದೆ ಮೇಡಂ" ಅಂದರು. ಈಗ ನಾನು ಫೋನಿನಲ್ಲಿ ಮೂರೇ ಮಾತು ಕೇಳುತ್ತೇನೆ. ಕಾರು ಬಾಗಿಲವರೆಗೂ ಬರುತ್ತದಾ? ರೂಮು ನೆಲಮಟ್ಟದಲ್ಲಿದೆಯಾ? ಕಮೋಡ್ ಇದೆಯಾ? ಮಂಡಿನೋವಿನವರಿಗೆ ಕಣಿವೆಗಿಂತ ಇವು ಮುಖ್ಯ.

ಮೊದಲ ದಿನ ಬರುವುದರಲ್ಲೇ ಕಳೆಯಲಿ. ತರೀಕೆರೆ ಮೇಲೆ ಬಂದರೆ ಅಮೃತಾಪುರದ ಅಮೃತೇಶ್ವರ ಗುಡಿಗೆ ಒಂದು ಗಂಟೆ ಕೊಡಿ. 1196ರ ಹೊಯ್ಸಳ ಗುಡಿ. ಜನ ಕಡಿಮೆ, ಅತ್ತೆಗೆ ನಡೆದಾಡಲು ಸಲೀಸು. ಬಿಸಿಲಿಗೆ ಹೊಳೆಯುವ ಆ ಕಂಬಗಳ ಸಾಲು ನನಗಂತೂ ಎಷ್ಟು ಸಲ ನೋಡಿದರೂ ಸಾಲದು.

ಎರಡನೇ ದಿನ ಬೆಟ್ಟ. ಮುಳ್ಳಯ್ಯನಗಿರಿ 1930 ಮೀಟರ್, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಇಲ್ಲ. ಈಗ ಮೇಲೆ ಬಿಡುವ ವಾಹನಗಳಿಗೆ ಮಿತಿ ಹಾಕಿದ್ದಾರೆ. ಮುಂಚೆಯೇ ಆನ್‌ಲೈನಿನಲ್ಲಿ ಹೆಸರು ಬರೆಸದಿದ್ದರೆ ಕೈಮರದ ಚೆಕ್‌ಪೋಸ್ಟಿನಿಂದ ವಾಪಸ್ ಬರಬೇಕಾದೀತು. ಈ ಕೆಲಸ ಮನೆಯವರಿಗೇ ಒಪ್ಪಿಸಿ, ಬೆಟ್ಟ ಬೇಕೆಂದವರು ಅವರೇ ತಾನೆ. ಬೆಳಿಗ್ಗೆ ಬೇಗ ಹೊರಡಿ. ಮಗಳಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ. ಮುಂದಿನ ಸೀಟು ಕೊಡಿ, ಕೈಯಲ್ಲೊಂದು ನಿಂಬೆಹಣ್ಣು ಕೊಡಿ. ಕೊನೆಗೆ ಮೆಟ್ಟಿಲು ಹತ್ತುವುದು ಇದ್ದೇ ಇದೆ, ಅಲ್ಲಿಗೆ ಅಪ್ಪ ಮಕ್ಕಳು ಹೋಗಲಿ. ನೀವು, ಅತ್ತೆ ಸೀತಾಳಯ್ಯನಗಿರಿಯ ಗುಡಿ ಹತ್ತಿರ ಕೂತಿರಿ. ಸ್ವೆಟರ್ ಮರೆಯಬೇಡಿ, ಗಾಳಿ ಕಿವಿಯೊಳಗೇ ನುಗ್ಗುತ್ತದೆ. ಹುಲ್ಲಿನಲ್ಲಿ ಓಡಾಡಿ ಬಂದ ಮಕ್ಕಳ ಕಾಲಲ್ಲಿ ಉಂಬಳ ಕಂಡರೆ ಕಿರುಚಬೇಡಿ, ಉಪ್ಪು ಹಾಕಿದರೆ ಬಿಡುತ್ತದೆ.

ಒಂದು ಮಾತು ಮನೆಯವರ ಕಿವಿಗೆ ಮುಂಚೆಯೇ ಹಾಕಿಡಿ. ಅಕ್ಟೋಬರಿನಲ್ಲಿ ಮೋಡ ಮುಚ್ಚಿದರೆ ಮೇಲೆ ಏನೂ ಕಾಣುವುದಿಲ್ಲ. ನಾವೊಮ್ಮೆ ಎಂಟು ಜನ ಹತ್ತಿ, ಆ ಎಂಟು ಜನರ ಮುಖವನ್ನೇ ನೋಡಿಕೊಂಡು ಇಳಿದಿದ್ದೇವೆ.

ಮೂರನೇ ದಿನ ರೂಮು ಖಾಲಿ ಮಾಡಿ ಬೆಳಿಗ್ಗೆ ಎಂಟಕ್ಕೆಲ್ಲ ಬೇಲೂರಲ್ಲಿರಿ. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುತ್ತಾರೆ. ಬಿಸಿಲೇರಿದರೆ ಅಂಗಳದ ಕಲ್ಲೂ ಸುಡುತ್ತದೆ, ಅತ್ತೆಗೆ ದಪ್ಪ ಸಾಕ್ಸ್ ಹಾಕಿಸಿ. ಗುಡಿ 1117ರದ್ದು, ವಿಷ್ಣುವರ್ಧನ ಕಟ್ಟಿಸಿದ್ದು, ಇವತ್ತಿಗೂ ಪೂಜೆ ನಡೆಯುತ್ತಿದೆ. ಇದೆಲ್ಲ ಗೈಡ್ ಹೇಳುತ್ತಾರೆ. ಮಗನಿಗೆ ಮಾತ್ರ ಬೇರೆ ಕೆಲಸ ಕೊಡಿ. ಹೊರಗೆ ಸೂರಿನ ಕೆಳಗೆ ಮದನಿಕೆಯರಿದ್ದಾರಲ್ಲ, ಅವರಲ್ಲಿ ಒಬ್ಬಳ ತಲೆ ಮೇಲೆ ಬಳ್ಳಿ ಹಬ್ಬಿದೆ. ಬಳ್ಳಿಯಲ್ಲೊಂದು ಹಣ್ಣು. ಹಣ್ಣಿನ ಮೇಲೆ ಒಂದು ನೊಣ. ಆ ನೊಣಕ್ಕೆ ಹೊಂಚು ಹಾಕಿಕೊಂಡು ಒಂದು ಹಲ್ಲಿ. ಎಲ್ಲ ಕಲ್ಲಿನದು, ನೊಣ ನಿಜವಾದ ನೊಣದಷ್ಟೇ. ಯಾವ ಮದನಿಕೆ ಅಂತ ನಾನು ಹೇಳುವುದಿಲ್ಲ, ಅವನೇ ಹುಡುಕಲಿ. ನನ್ನ ಮಗನೂ ಗುಡಿ ಅಂದರೆ ಮೂಗು ಮುರಿಯುತ್ತಿದ್ದ. ನೊಣ ಸಿಗುವವರೆಗೆ ಮೂರು ಸುತ್ತು ಹಾಕಿದ. ಸಿಕ್ಕ ಮೇಲೆ ಗೊತ್ತೇ ಇಲ್ಲದ ಯಾರನ್ನೋ ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದ.

ಹಳೇಬೀಡಿನಲ್ಲಿ ಗೋಡೆಯ ಬುಡದ ಆನೆ ಸಾಲಿನಿಂದ ಶುರುಮಾಡಿ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಹೀಗೆ ಮೇಲೇರುತ್ತಾ ರಾಮಾಯಣ, ಮಹಾಭಾರತ ಬರುತ್ತದೆ. ಅತ್ತೆಗೆ ಕಥೆ ಗೊತ್ತಿರುತ್ತದೆ, ಅವರೇ ಮೊಮ್ಮಕ್ಕಳಿಗೆ ಹೇಳಲಿ. ಅಲ್ಲೇ ಹತ್ತಿರದ ಪಾರ್ಶ್ವನಾಥ ಬಸದಿಗೆ ಜಾಸ್ತಿ ಜನ ಹೋಗುವುದಿಲ್ಲ, ನೀವು ಹೋಗಿ. ಕಪ್ಪು ಕಂಬಗಳಿಗೆ ಎಂಥ ಹೊಳಪು ಅಂದರೆ ಮಗಳು ಅದರಲ್ಲೇ ಜಡೆ ನೋಡಿಕೊಂಡಾಳು.

ವಾಪಸ್ಸು ಜಾವಗಲ್, ಬಾಣಾವರ, ಕಡೂರು ಮೇಲೆ. ಜಾವಗಲ್ ಬಂದಾಗ ಕ್ರಿಕೆಟಿಗ ಶ್ರೀನಾಥ್ ಹೆಸರಿನ ಮುಂದಿರುವ ಊರು ಇದೇ ಅಂತ ಮಗನಿಗೆ ತೋರಿಸಿ.

ಒಂದನ್ನೇ ಹೇಳಿ ಅಂದಿರಲ್ಲ, ಅದನ್ನೂ ಹೇಳುತ್ತೇನೆ. ಮಳೆ ಹಿಡಿದೋ, ಮಗಳಿಗೆ ವಾಂತಿಯಾಗಿಯೋ ಒಂದು ದಿನ ಕೈಬಿಟ್ಟರೆ ಬೆಟ್ಟ ಬಿಡಿ, ಬೇಲೂರು ಬಿಡಬೇಡಿ. ನಿಮ್ಮ ಮನೆಯವರು ಇನ್ನು ಹತ್ತು ವರ್ಷ ಬಿಟ್ಟೂ ಮುಳ್ಳಯ್ಯನಗಿರಿ ಹತ್ತಬಲ್ಲರು. ತಮ್ಮ ಇದನ್ನು ಓದಿದ ಕೂಡಲೇ ಫೋನ್ ಮಾಡುತ್ತಾನೆ, ಮಾಡಲಿ.

ಹಾಂ, ರಜೆ ಸಿಗಲಿಲ್ಲ ಅಂತ ದೀಪಾವಳಿಗೆ ಮುಂದೂಡಬೇಡಿ. ದಸರಾ ಕಳೆದು ಹುಣ್ಣಿಮೆಯಾದ ಮೇಲಿನ ಗುರುವಾರ ಹಾಸನಾಂಬೆಯ ಬಾಗಿಲು ತೆಗೆಯುತ್ತಾರೆ, ವರ್ಷಕ್ಕೆ ಒಂದೇ ಸಲ. ಆಗ ಹಾಸನದಲ್ಲಿ ರೂಮು ಸಿಗುವುದಿರಲಿ, ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ. ದೀಪಾವಳಿಯ ಹೊತ್ತಿಗೇ ಚಿಕ್ಕಮಗಳೂರಿನಲ್ಲಿ ದೇವೀರಮ್ಮನ ಬೆಟ್ಟಕ್ಕೂ ಜನ ಹತ್ತುತ್ತಾರೆ.

ಪ್ರಶ್ನೆ: ಮೇಡಂ, ನಾವು ಹಾಸನದಲ್ಲಿ ಓದುವ ಐದು ಜನ ಸ್ನೇಹಿತರು. ಜುಲೈನಲ್ಲಿ ಒಂದು ಭಾನುವಾರ ಬೈಕಿನಲ್ಲಿ ಹೋಗಬೇಕು. ಮಂಜರಾಬಾದ್ ಕೋಟೆನಾ, ಶೆಟ್ಟಿಹಳ್ಳಿ ಚರ್ಚಾ?
– ವಿದ್ಯಾರ್ಥಿ, ಹಾಸನ

ಉತ್ತರ: ನೀರು ನೋಡುವುದಾದರೆ ಶೆಟ್ಟಿಹಳ್ಳಿ. ಗೊರೂರಿನ ಹೇಮಾವತಿ ಅಣೆಕಟ್ಟು ತುಂಬಿದಂತೆ ಆ ಹಳೇ ಚರ್ಚು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ದಡದಲ್ಲೇ ನಿಂತು ನೋಡಬೇಕು ಮಕ್ಕಳೇ. ಗೋಡೆಗಳು ಸಡಿಲವಾಗಿವೆ, ಕೆಲವು ಬಿದ್ದೂ ಹೋಗಿವೆ. ಸೆಲ್ಫಿಗೆ ಅಂತ ನೀರಿಗಿಳಿಯುವುದು, ಈಜುವುದು ಬೇಡವೇ ಬೇಡ. ಮಂಜರಾಬಾದ್ 1792ರಲ್ಲಿ ಟಿಪ್ಪು ಕಟ್ಟಿಸಿದ, ನಕ್ಷತ್ರದ ಆಕಾರದ ಎಂಟು ಮೂಲೆಯ ಕೋಟೆ. ಫೋಟೊದಲ್ಲಿ ಕಾಣುವ ಆ ನಕ್ಷತ್ರ ಆಕಾಶದಿಂದ ತೆಗೆದದ್ದು, ಒಳಗೆ ನಿಂತರೆ ಕಾಣುವುದು ಗೋಡೆ ಮತ್ತೆ ಗೋಡೆ. ಜುಲೈನಲ್ಲಿ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ. ನಾನಾಗಿದ್ದರೆ ಕೋಟೆಯನ್ನು ನವೆಂಬರಿಗೆ ಇಟ್ಟುಕೊಳ್ಳುತ್ತಿದ್ದೆ. ಹೆಲ್ಮೆಟ್ ಐದೂ ಜನಕ್ಕಿದೆಯಾ?

ಪ್ರಶ್ನೆ: ಕಾಫಿ ತೋಟ ನೋಡಬೇಕು. ಹಣ್ಣು ಕುಯ್ಯುವ ಡಿಸೆಂಬರಿಗೆ ಬರಲೋ, ಹೂ ಬಿಡುವ ಮಾರ್ಚಿಗೆ ಬರಲೋ?
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಮೇಷ್ಟ್ರೇ, ಮುಂಚೆಯೇ ಟಿಕೆಟ್ ಮಾಡಿಸುವವರು ನೀವಾದರೆ ಡಿಸೆಂಬರಿಗೆ ಬನ್ನಿ. ಅರೇಬಿಕಾ ಹಣ್ಣು ಕೆಂಪಗಿರುತ್ತದೆ, ಕಣದ ತುಂಬ ಕಾಫಿ ಒಣಗುತ್ತಿರುತ್ತದೆ, ಏನಾದರೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಹೂವಿಗೆ ತಾರೀಖಿಲ್ಲ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ. ಮೂರ್ನಾಲ್ಕು ದಿನಕ್ಕೆ ಕಂದು ತಿರುಗಿ ಮುಗಿಯಿತು. ನಾನು ಹಾಸನದಲ್ಲಿದ್ದುಕೊಂಡೇ ಎಷ್ಟೋ ವರ್ಷ ತಪ್ಪಿಸಿಕೊಂಡಿದ್ದೇನೆ. ಈಗ ಮಾರ್ಚಿ ಬಂದರೆ ರಾತ್ರಿ ಊಟವಾದ ಮೇಲೆ ತಮ್ಮನಿಗೆ ಫೋನ್ ಮಾಡಿ, "ಬಿತ್ತೇನೋ?" ಅಂತ ಕೇಳುತ್ತೇನೆ. ಅವನು ತೋಟದವರ ಲೆಕ್ಕದಲ್ಲೇ ಹೇಳುತ್ತಾನೆ, ನೂರು ಸೆಂಟು ಅಂದರೆ ಒಂದು ಇಂಚು ಮಳೆ. "ಮೂವತ್ತು ಸೆಂಟು, ಸಾಲದು ಕಣಕ್ಕ." "ಒಂದು ಇಂಚು ಹತ್ತು ಸೆಂಟು" ಅಂದ ದಿನ ನಾನು ಕ್ಯಾಲೆಂಡರಿನಲ್ಲಿ ಒಂಬತ್ತನೇ ದಿನಕ್ಕೆ ಗುರುತು ಹಾಕುತ್ತೇನೆ. ನಿಮಗೂ ಅಲ್ಲೊಬ್ಬ ತಮ್ಮ ಇದ್ದರೆ ಮಾರ್ಚಿಗೆ ಬನ್ನಿ.