ನಿರ್ಣಯ ಪುಸ್ತಕದಲ್ಲಿ ಹೆಸರೇ ಇಲ್ಲ

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ 16 ಮಂದಿ ಇದ್ದೇವೆ. ಶೇಂಗಾ ಚಟ್ನಿಪುಡಿ ಮಾಡಿ ದಾವಣಗೆರೆಯ ಅಂಗಡಿಗಳಿಗೆ ಕೊಡೋಣವೆಂದು ವರ್ಷದ ಹಿಂದೆಯೇ ಎಲ್ಲರೂ ಒಪ್ಪಿದರು. ಪ್ರತಿ ಸಭೆಯಲ್ಲೂ ನಿರ್ಣಯವಾಗುತ್ತದೆ, ಆದರೆ ಇದುವರೆಗೆ ಒಬ್ಬರೂ ಒಲೆ ಹಚ್ಚಿಲ್ಲ. ಅಧ್ಯಕ್ಷೆಯಾಗಿ ಬುದ್ಧಿ ಹೇಳಿದೆ, ಬೈದೆ, ರಾಜೀನಾಮೆ ಕೊಡುತ್ತೇನೆಂದೂ ಹೆದರಿಸಿದೆ. ನಿರ್ಣಯ ಪುಸ್ತಕದ ಪುಟಗಳ ಪ್ರತಿ ಕಳಿಸಿದ್ದೇನೆ. ಇವರನ್ನು ಕೆಲಸಕ್ಕೆ ಎಬ್ಬಿಸುವುದು ಹೇಗೆ?
– ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ನೀವು ಕಳಿಸಿದ ಪುಟಗಳನ್ನು ಎರಡು ಸಲ ಓದಿದೆ. ‘ಬಂಡವಾಳ ಹೊಂದಿಸಲು ತೀರ್ಮಾನಿಸಲಾಯಿತು’, ‘ಯಂತ್ರದ ಬೆಲೆ ವಿಚಾರಿಸಲಾಗುವುದು’, ‘ಮುಂದಿನ ಸಭೆಯಲ್ಲಿ ಚರ್ಚಿಸಲಾಗುವುದು’ ಎಂದು ಏಳು ಸಭೆಗಳ ನಿರ್ಣಯಗಳೂ ಮುಗಿಯುತ್ತವೆ. ವಿಚಾರಿಸುವವರು ಯಾರು, ಯಾವ ದಿನ, ಎಲ್ಲಿಗೆ ಹೋಗಿ ಎಂಬುದು ಒಂದು ಪುಟದಲ್ಲೂ ಇಲ್ಲ. ಕಚೇರಿಯ ಕನ್ನಡ ನಮಗೆಲ್ಲ ಕಲಿಸಿಕೊಟ್ಟ ಜಾಣತನವಿದು. ವಾಕ್ಯದಲ್ಲಿ ಕರ್ತೃವೇ ಇಲ್ಲದಿದ್ದರೆ ಆಮೇಲೆ ಯಾರನ್ನೂ ಕೇಳುವಂತಿಲ್ಲ.

ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು 1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಯೋಗದಲ್ಲೇ ತೋರಿಸಿದರು. ಪಕ್ಕದ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದಂತೆ ಧ್ವನಿ ಕೇಳಿಸಿದಾಗ, ಅದನ್ನು ಕೇಳಿದವರು ತಾವೊಬ್ಬರೇ ಎಂದು ನಂಬಿದ್ದವರಲ್ಲಿ ಶೇ 85 ಮಂದಿ ಆ ಧ್ವನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡವರಲ್ಲಿ ಅಷ್ಟರೊಳಗೆ ಎದ್ದವರು ಶೇ 31 ಮಾತ್ರ. ಕುಳಿತೇ ಇದ್ದವರು ಕಲ್ಲುಮನಸ್ಸಿನವರೇನೂ ಆಗಿರಲಿಲ್ಲ. ನಿಮ್ಮ ‘ಎಲ್ಲರೂ ಸೇರಿ ಮಾಡೋಣ’ ಎಂಬ ಮಾತು ಹದಿನಾರು ಮನೆಗಳಲ್ಲೂ ‘ಉಳಿದ ಹದಿನೈದು ಮಂದಿ ಇದ್ದಾರಲ್ಲ’ ಎಂದೇ ಕೇಳಿಸಿರುತ್ತದೆ.

ಆದ್ದರಿಂದ ಸಭೆ ಕರೆಯುವುದನ್ನು ಒಂದು ತಿಂಗಳು ನಿಲ್ಲಿಸಿ, ಒಬ್ಬೊಬ್ಬರ ಮನೆಗೂ ಹೋಗಿ ಬನ್ನಿ. ‘ಯಾಕೆ ಮಾಡಲಿಲ್ಲ’ ಎಂದು ಕೇಳಿದರೆ ನೆಪ ಸಿಗುತ್ತದೆ. ‘ಏನು ಅಡ್ಡ ಬಂತು’ ಎಂದು ಕೇಳಿದರೆ ಕಾರಣ ಸಿಗುತ್ತದೆ. ಒಬ್ಬಾಕೆಗೆ ಹಿಂದೆ ಹಪ್ಪಳ ಮಾಡಿ ಕೈಸುಟ್ಟುಕೊಂಡ ನೆನಪಿರಬಹುದು, ಇನ್ನೊಬ್ಬಾಕೆಗೆ ಅತ್ತೆಯ ಒಪ್ಪಿಗೆ ಬೇಕಾಗಿರಬಹುದು, ಮತ್ತೊಬ್ಬಾಕೆ ಅಂಗಡಿಯವನ ಮುಂದೆ ಬೆಲೆ ಮಾತಾಡಲು ಅಳುಕುತ್ತಿರಬಹುದು. ಇವರಿಗೆಲ್ಲ ಒಂದೇ ಭಾಷಣ ಮಾಡುವುದು ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಕೊಟ್ಟಂತೆ. ಕೆಲವರ ವಿಷಯದಲ್ಲಿ ಅಡ್ಡಿ ಎಂಬುದೇ ಇರಲಿಕ್ಕಿಲ್ಲ: ನಿಮ್ಮ ಸೀಮೆಯಲ್ಲಿ ಮಳೆಯಾಶ್ರಿತ ಶೇಂಗಾ ಬಿತ್ತನೆಯ ಜೂನ್-ಜುಲೈನಲ್ಲಿ, ಗಿಡ ಕೀಳುವ ಅಕ್ಟೋಬರ್-ನವೆಂಬರ್‌ನಲ್ಲಿ ಕೂಲಿ ಬಿಟ್ಟು ಚಟ್ನಿಪುಡಿಗೆ ಬನ್ನಿ ಎಂದರೆ ಯಾರೂ ಬರಲಾರರು. ಅದನ್ನು ಸೋಮಾರಿತನವೆಂದು ಬೈದಿದ್ದರೆ ತಪ್ಪು ನಿಮ್ಮದೇ.

ಯಂತ್ರ, ಸಾಲ, ಲೇಬಲ್ಲು ಎಲ್ಲವನ್ನೂ ಸದ್ಯಕ್ಕೆ ಬದಿಗಿಡಿ. ಐದು ಕಿಲೋ ಬೀಜ, ಒಂದು ಕಬ್ಬಿಣದ ಬಾಣಲೆ, ಮೂರು ಮಂದಿ, ಒಂದು ಮಧ್ಯಾಹ್ನ, ಇಷ್ಟೇ ಮೊದಲ ಹೆಜ್ಜೆ. ಬೀಜದ ಹಣ ಸಂಘದ ಉಳಿತಾಯದಿಂದ ಹೋಗಲಿ, ಪುಡಿ ಸೀದುಹೋದರೆ ನಷ್ಟ ಸಂಘದ್ದೆಂದು ಮೊದಲೇ ಬರೆದಿಡಿ. ಬಡವರ ಮನೆಯಲ್ಲಿ ‘ಆಮೇಲೆ ನೋಡೋಣ’ ಎಂಬ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಈ ನಷ್ಟದ ಲೆಕ್ಕವೇ. ಬೀಜ ಆರಿಸುವ ಕೆಲಸವನ್ನು ಅತಿ ಹಿಂಜರಿಯುವಾಕೆಗೆ ಕೊಡಿ. ಸುಕ್ಕಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ; ಹಾಗಾಗಿ ಮೊರದ ಮುಂದೆ ಕುಳಿತಾಕೆಯ ಕಣ್ಣಿನ ಮೇಲೆಯೇ ಇಡೀ ಪುಡಿಯ ಯೋಗ್ಯತೆ ನಿಂತಿರುತ್ತದೆ. ಅದು ಆಕೆಗೂ ಗೊತ್ತಾಗಲಿ. ತನ್ನ ಕೈಯಿಂದಾಗುತ್ತದೆ ಎಂಬ ನಂಬಿಕೆ ಉಪದೇಶ ಕೇಳುವುದಕ್ಕಿಂತ ಸ್ವತಃ ಮಾಡಿ ಗೆಲ್ಲುವುದರಿಂದ ಹೆಚ್ಚು ಗಟ್ಟಿಯಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದಾರೆ. ತಮ್ಮಂಥವರೇ ಮಾಡುವುದನ್ನು ಕಣ್ಣಾರೆ ಕಂಡವರಲ್ಲೂ ಆ ನಂಬಿಕೆ ಹುಟ್ಟುತ್ತದೆ. ಉಳಿದ ಹನ್ನೆರಡು ಮಂದಿಗೆ ಆ ಮಧ್ಯಾಹ್ನ ಬಂದು ನೋಡಿಹೋಗಲು ಹೇಳಿ, ಸಾಕು.

ನೀವೂ ಅಲ್ಲಿರಿ, ಆದರೆ ಸೌಟು ಹಿಡಿಯಬೇಡಿ. ಸರಿಯಾಗಿ ಹುರಿಯುತ್ತಿಲ್ಲವೆಂದು ನೀವೇ ಮುಂದಾದರೆ ಮರುವಾರದಿಂದ ಅದು ಅಧ್ಯಕ್ಷೆಯ ಕೆಲಸವಾಗುತ್ತದೆ. ರಾಜೀನಾಮೆಯ ಮಾತನ್ನಂತೂ ಮತ್ತೆ ಎತ್ತಬೇಡಿ, ಅವರು ಒಪ್ಪಿಬಿಟ್ಟಾರು.

ಮುಂದಿನ ನಿರ್ಣಯ ಹೀಗಿರಲಿ: ‘ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಅಂಗನವಾಡಿಯ ಪಕ್ಕದ ಮನೆಯಲ್ಲಿ ಇಂಥವರು ಬೀಜ ಆರಿಸುತ್ತಾರೆ, ಇಂಥವರು ಹುರಿಯುತ್ತಾರೆ, ಇಂಥವರು ಕುಟ್ಟುತ್ತಾರೆ.’ ಮೂವರೂ ತಮ್ಮ ಹೆಸರನ್ನು ತಾವೇ ಬರೆಯಲಿ. ಮುಂದಿನ ಸಭೆ ಶುರುವಾಗುವುದು ಆ ಪುಟವನ್ನು ಓದುವುದರಿಂದ; ಆಯಿತೇ, ಆಗಲಿಲ್ಲವೇ ಎಂಬುದಷ್ಟೇ ಪ್ರಶ್ನೆ. ಮೊದಲ ಪುಡಿ ಹದಿನಾರು ಮನೆಗಳ ರೊಟ್ಟಿಗೆ ಹೋಗಲಿ. ದಾವಣಗೆರೆಯ ಅಂಗಡಿಗೆ ಕೊಡುವ ಮುನ್ನ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ನೋಂದಣಿ ಆಗಬೇಕು. ಸಣ್ಣ ತಯಾರಕರಿಗೆ ದೊಡ್ಡ ಕಾರ್ಖಾನೆಗಳಂತೆ ಪರವಾನಗಿ ಬೇಕಿಲ್ಲ. ಆ ಅರ್ಜಿ ಹಾಕುವಾಕೆಯ ಹೆಸರನ್ನೂ, ತಾರೀಖನ್ನೂ ಅದೇ ಪುಟದಲ್ಲಿ ಬರೆಸಿ.